ಒಳಗಿದ್ದವರು ಓಗೊಡಬೇಕು

ನಮ್ಮ ಮನೆಯ ಬಚ್ಚಲಿನ ಚಿಲಕ ಬಡಗಿ ಕೂಡಿಸಿ ಹೋದ ದಿನ ಹೇಗಿತ್ತೋ ಇವತ್ತಿಗೂ ಹಾಗೆಯೇ ಮಿಂಚುತ್ತದೆ. ಮನೆಯ ಉಳಿದ ಚಿಲಕಗಳೆಲ್ಲ ಕೈ ತಾಗಿ ತಾಗಿ ಬಣ್ಣಗೆಟ್ಟಿವೆ, ಇದೊಂದು ಮಾತ್ರ ಹೊಸ ಮದುಮಗನ ಹಾಗೆ ಕೂತಿದೆ. ಅದಕ್ಕೆ ಕಾರಣ ನಾನು. ಸ್ನಾನಕ್ಕೆ ಹೋದರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆಯೇ ಹೊರತು ಚಿಲಕ ಹಾಕುವುದಿಲ್ಲ. ಅದರ ಬದಲು ಸದ್ದು ಮಾಡುತ್ತೇನೆ. ಹಾಡುತ್ತೇನೆ, ಹಾಡು ತೀರಿದರೆ ಮಗ್ಗಿ ಹೇಳುತ್ತೇನೆ, ಬಾಯಿಗೆ ನೀರು ತುಂಬಿದ್ದರೆ ತಂಬಿಗೆಯಿಂದ ಬಕೆಟ್ಟು ಬಡಿಯುತ್ತೇನೆ. ಒಳಗೆ ಯಾರೋ ಇದ್ದಾರೆ ಎಂದು ಮನೆಗಷ್ಟೇ ಏಕೆ, ಓಣಿಗೂ ಗೊತ್ತಾಗುತ್ತದೆ. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರು ಹೆಂಡತಿಗೆ ಸಂಗೀತದ ಹುಚ್ಚಿದೆ ಎಂದು ತಮ್ಮ ಕಚೇರಿಯಲ್ಲೆಲ್ಲ ಹೇಳಿಕೊಂಡಿದ್ದರಂತೆ. ನಿಜ ಸಂಗತಿ ಗೊತ್ತಾದ ಮೇಲೆ ಅವರಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ನಾನು ವಿಚಾರಿಸಿಲ್ಲ.

ಮುಚ್ಚಿದ ಜಾಗ ನನಗೆ ಆಗಿಬರುವುದಿಲ್ಲ. ಶಹಾಪುರದ ಬಸ್ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವ ಗಂಡಸರ ನಡುವೆ ನನ್ನದೂ ಒಂದು ಕರವಸ್ತ್ರ ಹಾರುತ್ತದೆ. ಅದು ಕಿಟಕಿಯ ಬದಿಗೇ ಬೀಳಬೇಕು. ಬೀಳದಿದ್ದರೆ ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ. ಕಲಬುರಗಿಯಲ್ಲಿ ಒಮ್ಮೆ ಒಂದು ಮದುವೆಯ ಊಟ ಐದನೇ ಮಹಡಿಯಲ್ಲಿತ್ತು. ಎಲ್ಲರೂ ಲಿಫ್ಟಿನಲ್ಲಿ ಹೋದರು. ನಾನು ಮೆಟ್ಟಿಲು ಹತ್ತಿ, ನಡುನಡುವೆ ಕೂತು ಸುಧಾರಿಸಿಕೊಂಡು ಮೇಲೆ ತಲುಪಿದಾಗ ಹೋಳಿಗೆ ಮುಗಿದಿದ್ದವು. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಾರೆ, ಮಳೆ ಬಿದ್ದ ಕೂಡಲೇ ಹಾಸಿಗೆ ಸುತ್ತಿಕೊಂಡು ಕೆಳಗಿಳಿಯುತ್ತಾರೆ. ನಾನು ಎಲ್ಲರಿಗಿಂತ ಕೊನೆಗೆ ಇಳಿಯುವವಳು, ಅದೂ ತೊಯ್ದ ಮೇಲೆ.

ಈ ಅಂಜಿಕೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆಯಂತೆ. ನನ್ನ ಗೆಳತಿ ಶಮೀಮ್ ಇಟ್ಟ ಹೆಸರು ಚಿಕ್ಕದು: ‘ದಮ್ ಹಿಡಿಯೋದು’. ಶಮೀಮ್ ಪಕ್ಕದ ಓಣಿಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿಸಿ ಆಡುತ್ತಾಳೆ. ಅವಳಿಗೆ ಜಗತ್ತಿನಲ್ಲಿ ಯಾವುದರ ಅಂಜಿಕೆಯೂ ಇಲ್ಲ. ಇದನ್ನು ಅವಳೇ ಹೇಳಿದ್ದು.

ಇಂಥ ನನ್ನ ಬಲಗೈ ಹೋದ ವರ್ಷ ಮಾತು ಕೇಳದಾಯಿತು. ಮೊದಲು ಬೆರಳ ತುದಿ ಜುಮುಗುಟ್ಟಿತು. ಆಮೇಲೆ ರೊಟ್ಟಿ ಬಡಿಯುವಾಗ ಹಿಟ್ಟು ಬಿಸಿಯಿದೆಯೋ ಆರಿದೆಯೋ ತಿಳಿಯದಾಯಿತು. ಒಂದು ದಿನ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಪಾಠ ಮಾಡುತ್ತ ಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎತ್ತಿ ಕೊಟ್ಟಳು, ಅದೂ ಬಿತ್ತು. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನನ್ನ ಅಕ್ಷರದ ಬಗ್ಗೆ ಇಲ್ಲಿ ಎರಡು ಮಾತು ಹೇಳಿಕೊಂಡರೆ ನೀವು ಜಂಬ ಅಂದುಕೊಳ್ಳಬಾರದು, ಅಂದುಕೊಂಡರೂ ಅಡ್ಡಿಯಿಲ್ಲ. ನನ್ನ ರೂಪದ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ, ಅಡುಗೆಯ ಬಗ್ಗೆ ಆಡಿದವರು ಹಸಿದಿದ್ದರು. ಆದರೆ ನಾನು ಕನ್ನಡ ಕಲಿಸುವ ಶಾಲೆಗೆ ಯಾವ ಅಧಿಕಾರಿ ಬಂದರೂ ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಸುಸ್ವಾಗತ ಬರೆಯಲು ಬೇರೆ ಶಾಲೆಯವರೂ ಕರೆದೊಯ್ಯುತ್ತಾರೆ. ನನ್ನದು ಅಂತ ಈ ಭೂಮಿಯ ಮೇಲೆ ಇರುವುದು ಅದೊಂದೇ ಎಂದು ಒಳಗೊಳಗೇ ಅಂದುಕೊಂಡವಳು ನಾನು. ಸೀಮೆಸುಣ್ಣ ಬಿದ್ದ ದಿನ ಮನೆಗೆ ಬಂದು ತುಂಬಾ ಅತ್ತೆ.

ಯಾದಗಿರಿಯ ಡಾಕ್ಟರು ನನ್ನ ಕೈ ಹಿಡಿದು, ತಿರುವಿ, ಸಣ್ಣ ಸುತ್ತಿಗೆಯಿಂದ ಮೊಣಕೈ ತಟ್ಟಿ ನೋಡಿದರು.

“ಕುತ್ತಿಗ್ಯಾಗ ನರ ಒತ್ತಾಕತ್ತದ ಅಂತ ಕಾಣ್ತದರಿ ಮೇಡಂ. ಎಂಆರ್‌ಐ ಮಾಡಿಸ್ಕೊಂಡು ಬರ್ರಿ. ಅದನ್ನ ನೋಡದ ನಾ ಮುಂದಿಂದು ಏನೂ ಹೇಳಂಗಿಲ್ಲ. ತಡ ಮಾಡಿದ್ರ ಕೈ ಪೂರಾ ಹೋಗ್ತದ” ಎಂದರು.

ಅದೇ ಊರಿನ ಒಂದು ಸ್ಕ್ಯಾನ್ ಸೆಂಟರಿಗೆ ಹೋದೆವು. ಆ ಯಂತ್ರವನ್ನು ನೀವು ನೋಡಿರಬಹುದು. ಗೋಡೆಯಷ್ಟು ದೊಡ್ಡದು, ಆದರೆ ಮನುಷ್ಯ ಹೋಗಬೇಕಾದ ತೂತು ಮಾತ್ರ ಇಷ್ಟೇ ಇಷ್ಟು. ಮಲಗಿಸಿದರು, ಕುತ್ತಿಗೆಯ ಮೇಲೆ ಒಂದು ಪಂಜರ ಕೂಡಿಸಿದರು, ಮಂಚ ಒಳಗೆ ಸರಿಯಿತು. ಮೂಗಿನ ನೇರಕ್ಕೆ ಗೋಡೆ ಬಂದದ್ದಷ್ಟೇ ನೆನಪು. ಮುಂದಿನದನ್ನು ನಮ್ಮ ಮನೆಯವರು ಹೇಳಿದ್ದು. ನಾನು ಚೀರಿದೆನಂತೆ, ಪಂಜರ ತೆಗೆಯುವುದರೊಳಗೆ ಕೆಳಗೆ ಧುಮುಕಿದೆನಂತೆ, ಅವರು ಕೊಟ್ಟ ನೀಲಿ ಗೌನಿನಲ್ಲೇ ರಸ್ತೆಗೆ ಬಂದುಬಿಟ್ಟೆನಂತೆ. ನನಗೆ ಎಚ್ಚರ ಬಂದಂತಾದಾಗ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಂಗಡಿಯವನು ಒಂದು ಮಾತೂ ಕೇಳದೆ ಚಹಾ ಕೊಟ್ಟ. ನಮ್ಮ ಮನೆಯವರು ನನ್ನ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟುತ್ತಿದ್ದರು. ಅವರಿಗೆ ಅಷ್ಟು ನಾಚಿಕೆಯಾದದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಮರಳಿ ಬರುವಾಗ ಬಸ್ಸು ಭೀಮೆಯ ಸೇತುವೆ ದಾಟಿತು. ಶಹಾಪುರ ಹತ್ತಿರವಾಗಿ ಗುಡ್ಡ ಕಾಣಿಸಿತು. ನಮ್ಮೂರ ಗುಡ್ಡ ದೂರದಿಂದ ಮನುಷ್ಯ ಮಲಗಿದ ಹಾಗೆ ಕಾಣುತ್ತದೆ, ಬುದ್ಧ ಮಲಗಿದ್ದಾನೆ ಎಂದು ಬಂದವರಿಗೆಲ್ಲ ನಾವು ತೋರಿಸುತ್ತೇವೆ.

“ನೋಡು, ಅದು ಎಷ್ಟು ಸುಮ್ನ ಮಲಗ್ಯದ. ನೀನೂ ಹಂಗ ಮಲಗಿದ್ರ ಮುಗೀತಿತ್ತು” ಎಂದರು ನಮ್ಮ ಮನೆಯವರು.

“ಅದರ ಮ್ಯಾಲ ಆಕಾಶ ಅದರಿ. ನನ್ನ ಮ್ಯಾಲ ಡಬ್ಬಿ ಇತ್ತು” ಎಂದೆ.

ಮಂಪರು ಇಂಜೆಕ್ಷನ್ ಕೊಟ್ಟು ಮಾಡುತ್ತೇವೆ ಎಂದು ಸೆಂಟರಿನವರು ಫೋನಿನಲ್ಲಿ ಹೇಳಿದರು. ಬೇಡವೆಂದೆ. ಮಂಪರು ಇಳಿದು ಒಳಗೇ ಎಚ್ಚರವಾದರೆ ಏನು ಮಾಡುವುದು? ಅದು ಹಾಗಾಗುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಅಂಜಿಕೆ ಇರುವವರಿಗೆ ತಿಳಿಸಿ ಹೇಳುವುದು ಎಷ್ಟು ಸುಲಭವೆಂದು ಅಂಜಿಕೆ ಇಲ್ಲದವರು ತಿಳಿದುಕೊಂಡಿರುತ್ತಾರೆ.

ಇಷ್ಟು ಕೇಳಿದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: ಸಣ್ಣಂದಿರುವಾಗ ಎಲ್ಲಾದರೂ ಸಿಕ್ಕಿಕೊಂಡಿದ್ದಿರಾ? ಇಲ್ಲ. ತಮಾಷೆಯೆಂದರೆ, ಸಣ್ಣಂದಿರುವಾಗ ನಾನು ನೆಲದೊಳಗೆ ಇಳಿಯುತ್ತಿದ್ದೆ, ಅದೂ ಖುಷಿಯಿಂದ.

ನನ್ನ ತವರು ಸಗರ. ನಮ್ಮ ಮನೆಯ ಅಂಗಳದಲ್ಲಿ ಹಗೇವು ಇತ್ತು. ಈಗಿನವರಿಗೆ ಹೇಳಬೇಕು: ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಗುಳಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಎಷ್ಟು ಕಾಲವಾದರೂ ಹುಳ ಬೀಳುವುದಿಲ್ಲ. ಮನೆಯ ಜೋಳ ತೀರಿದಾಗ ಅದನ್ನು ತೆಗೆಯುವುದು. ಕಲ್ಲು ಸರಿಸಿದ ಕೂಡಲೇ ಒಳಗಿಂದ ಬಿಸಿ ಉಸಿರು ಬರುತ್ತಿತ್ತು, ಹುಳಿಹುಳಿ ವಾಸನೆ. ಆ ಗಾಳಿಯಲ್ಲಿ ಮನುಷ್ಯ ಉಸಿರುಗಟ್ಟಿ ಬಿದ್ದುಬಿಡುತ್ತಾನೆ. ಅದಕ್ಕೇ ಬೆಳಿಗ್ಗೆ ತೆರೆದಿಟ್ಟು, ಮಧ್ಯಾಹ್ನ ಕಂದೀಲು ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಒಬ್ಬರನ್ನು ಇಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಒಬ್ಬರು ನಾನು. “ಹಗೇವಿನ ಬಾಯಾಗ ಅಪ್ಪನ ಹೆಗಲು ಹಿಡಸಂಗಿಲ್ಲ, ನೀ ಸಣಕಲಿ ಅದೀ” ಎಂದು ಆಯಿ ಹೇಳುತ್ತಿದ್ದಳು. ಅಪ್ಪನ ಅವ್ವ ಅವಳು, ಅವಳ ಮಾತಿಗೆ ಎದುರಿಲ್ಲ.

ನಡುವಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕೆಳಗೆ ಕಾಲಿಟ್ಟರೆ ಮೊಣಕಾಲವರೆಗೆ ಜೋಳ. ಬುಟ್ಟಿ ಬರುತ್ತಿತ್ತು, ತುಂಬುತ್ತಿದ್ದೆ, ಮೇಲೆ ಹೋಗುತ್ತಿತ್ತು. ಇದಿಷ್ಟೇ ಕೆಲಸ. ಆದರೆ ಅದಕ್ಕೊಂದು ಕಟ್ಟುನಿಟ್ಟಿನ ರೀತಿಯಿತ್ತು. ಮೇಲಿಂದ ಅಪ್ಪ ಕೂಗುತ್ತಲೇ ಇರಬೇಕು, ಕೆಳಗಿಂದ ನಾನು ಓಗೊಡುತ್ತಲೇ ಇರಬೇಕು.

“ಸುನಂದಾ, ಅದೀಯೇನವಾ?”

“ಅದೀನಪಾ!”

ಬುಟ್ಟಿ ತುಂಬುವಷ್ಟರಲ್ಲಿ ಇದು ಎಷ್ಟು ಸಲ ನಡೆಯುತ್ತಿತ್ತೋ. ಒಮ್ಮೆ ನಾನು ಹುಲ್ಲಿನ ಸಂದಿಯಲ್ಲಿ ಸಿಕ್ಕ ಒಂದು ಹಳೆಯ ಗಾಜಿನ ಬಳೆಯನ್ನು ತಿರುವಿ ನೋಡುತ್ತ ಓಗೊಡುವುದನ್ನು ಮರೆತೆ. ಮರುಕ್ಷಣವೇ ಹಗ್ಗ ಬಿಗಿಯಿತು. ಫ್ರಾಕು ಮುಖದ ಮೇಲೆ ಬಂದು, ಕಾಲು ಗೋಡೆಗೆ ಬಡಿದು, ಬಾವಿಯ ಕೊಡದ ಹಾಗೆ ಮೇಲೆ ಬಂದುಬಿದ್ದೆ. ಅಂಗಳದಲ್ಲಿ ನೆರೆದ ಹೆಂಗಸರೆಲ್ಲ ಅಳುವ ತಯಾರಿಯಲ್ಲಿದ್ದರು. ನಾನು ಕಣ್ಣು ಪಿಳಿಪಿಳಿ ಬಿಟ್ಟಾಗ ಅಪ್ಪ ಅಪ್ಪಿಕೊಂಡ, ಆಯಿ ಬಾರಿಸಿದಳು. ಅವತ್ತಿನಿಂದ ನನಗೆ ಒಂದು ಪಾಠ ರಕ್ತದಲ್ಲಿ ಇಳಿಯಿತು. ಒಳಗಿದ್ದವರು ಸುಮ್ಮನಿರಬಾರದು. ಕೇಳಿದರೂ ಕೇಳದಿದ್ದರೂ ‘ಅದೀನಿ’ ಅನ್ನುತ್ತಿರಬೇಕು. ಬಚ್ಚಲಿನಲ್ಲಿ ನಾನು ಹೇಳುವ ಮಗ್ಗಿಯ ಮೂಲ ನಿಮಗೀಗ ತಿಳಿದಿರಬೇಕು.

ಕೈ ಇನ್ನಷ್ಟು ಸೋತಿತು. ಸೆರಗಿಗೆ ಪಿನ್ನು ಚುಚ್ಚಿಕೊಳ್ಳಲೂ ಆಗದೆ ಶಮೀಮಳನ್ನು ಕರೆಯುವ ಹಾಗಾಯಿತು. ಹಲಗೆಯ ಮೇಲೆ ನನ್ನ ಬದಲು ತರಗತಿಯ ಒಬ್ಬ ಹುಡುಗಿ ಬರೆಯತೊಡಗಿದಳು. ಮಕ್ಕಳಿಗೆ ಹಬ್ಬ, ಏಕೆಂದರೆ ಆ ಹುಡುಗಿ ನಿಧಾನವಾಗಿ ಬರೆಯುತ್ತಿದ್ದಳು, ಅರ್ಧ ಪಾಠಕ್ಕೆ ಗಂಟೆ ಹೊಡೆಯುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಅವಳ ದೀರ್ಘಗಳನ್ನು ನೋಡಿ ಹಲ್ಲು ಕಡಿಯುತ್ತಿದ್ದೆ.

“ಸುನಂದಕ್ಕ, ಈ ಸಲ ನಾ ಬರ್ತೀನಿ. ಹೆಂಗ ಓಡಿ ಹೋಗ್ತಿ ನೋಡ್ತೀನಿ” ಎಂದಳು ಶಮೀಮ್.

ಹಾಗೆ ಮೂವರೂ ಮತ್ತೆ ಯಾದಗಿರಿಗೆ ಹೋದೆವು. ಯಂತ್ರ ನೋಡಿಕೊಳ್ಳುವವನು ಭೀಮರಾಯ, ಸುರಪುರದ ಹತ್ತಿರದ ದೇವಾಪುರದವನು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದ. ನಾನು ಮತ್ತೆ ಗೌನು ತೊಟ್ಟೆ. ಲೋಹದ್ದು ಏನೂ ಇರಬಾರದು. ತಾಳಿ, ಬೆಂಡೋಲೆ ತೆಗೆದು ಮನೆಯವರ ಕೈಗೆ ಕೊಟ್ಟೆ, ಅವರು ಅಂಗಿಯ ಜೇಬಿಗೆ ಹಾಕಿಕೊಂಡರು. ಕಾಲುಂಗುರ ಮದುವೆಯಾದಾಗಿನಿಂದ ಬೆರಳಿಗೇ ಬೆಳೆದುಬಿಟ್ಟಿದ್ದವು. ಶಮೀಮ್ ಸಾಬೂನು ಹಚ್ಚಿ, ದಖನಿಯಲ್ಲಿ ಬೈದು, ಅಂತೂ ಎಳೆದು ತೆಗೆದಳು.

“ಅಕ್ಕೋರ, ಇದು ರಬ್ಬರ್ ಚೆಂಡು. ಎಡಗೈಯಾಗ ಇಟ್ಕೊಳ್ರಿ. ಒಳಗ ಏನರ ತ್ರಾಸ ಆತಂದ್ರ ಒತ್ತರಿ, ನಾ ಬರ್ತೀನಿ” ಎಂದ ಭೀಮರಾಯ. ನಮ್ಮ ಕಡೆ ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆ. ನನ್ನ ವೃತ್ತಿಯನ್ನು ಶಮೀಮ್ ಆಗಲೇ ಅವನಿಗೆ ಹೇಳಿಯಾಗಿತ್ತು.

ಈ ಸಲ ಮಂಚ ಅಲುಗುವ ಮೊದಲೇ ಕಣ್ಣು ಮುಚ್ಚಿದ್ದೆ. ಗೋಡೆ ಮೂಗಿನ ಹತ್ತಿರ ಬಂದದ್ದು ಉಸಿರಿನ ಬಿಸಿಯಿಂದ ಗೊತ್ತಾಯಿತು. ಯಂತ್ರ ಬಡಿಯಲು ಶುರುಮಾಡಿತು. ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ಆದರೂ ತಡೆದುಕೊಂಡೆ. ಒಂದು ಗಳಿಗೆ, ಇನ್ನೊಂದು ಗಳಿಗೆ. ಪರವಾಗಿಲ್ಲವೇ ಅನ್ನಿಸುವಷ್ಟರಲ್ಲಿ ಭೀಮರಾಯ ಓಡಿ ಬಂದು ಮಂಚ ಹೊರಗೆಳೆದ.

“ಏನಾತ್ರಿ?”

“ಏನೂ ಆಗಿಲ್ಲಪಾ, ಚೊಲೊ ಅದೀನಿ.”

“ಮತ್ತ ಚೆಂಡ ಒತ್ತಿದ್ರಿ?”

“ಒತ್ತಿದ್ನಾ?”

ಮತ್ತೆ ಒಳಗೆ. ಮತ್ತೆ ಬಡಿತ. ಮತ್ತೆ ಅವನು ಓಡಿ ಬಂದ. ಮತ್ತೆ ನಾನು ಚೊಲೊ ಇದ್ದೆ. ನಡುವೆ ನಿಂತರೆ ಆ ಭಾಗವನ್ನು ಮೊದಲಿಂದ ತೆಗೆಯಬೇಕಂತೆ. ಮೂರನೆಯ ಸಲ ಬಂದಾಗ ಅವನ ಮುಖ ಕೆಂಪಾಗಿತ್ತು. “ಅಕ್ಕೋರ, ಹೊರಗ ಇನ್ನೂ ಮಂದಿ ಕುಂತಾರ. ತ್ರಾಸ ಆದ್ರ ತ್ರಾಸ ಆತು ಅನ್ರಿ. ಚೊಲೊ ಅದೀನಿ ಅಂತ ಹೇಳಾಕ ಯಾರರ ಗಂಟಿ ಬಾರಿಸ್ತಾರೇನ್ರಿ?” ಎಂದ.

ಗಾಜಿನಾಚೆ ನಮ್ಮ ಮನೆಯವರು ಎದ್ದು ನಿಂತಿದ್ದು ಕಂಡಿತು. ಬಾಗಿಲು ತೆಗೆದು, “ಸಾಕ ಬಿಡು ಸುನಂದಾ, ಮನಿಗಿ ಹೋಗೋಣ. ಕೈದು ಏನಾಗ್ತದೋ ಆಗ್ಲಿ” ಎಂದರು. ಅವರು ಸಿಟ್ಟಿನಿಂದ ಅಂದಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ. ಅವರ ದನಿಯಲ್ಲಿ ನನ್ನ ಮೇಲಿನ ಕನಿಕರವಿತ್ತು. ನನಗೆ ಅದನ್ನು ತಡೆಯಲಾಗಲಿಲ್ಲ. ಹಾಗೆಯೇ ಮಲಗಿ ನನ್ನ ಎಡಗೈಯನ್ನು ನೋಡಿದೆ. ಅದು ಆಗಲೂ ಚೆಂಡನ್ನು ಮೆಲ್ಲಗೆ ಒತ್ತುತ್ತಿತ್ತು. ಯಾಕೆ ಒತ್ತುತ್ತಿದೆ ಎಂದು ಆಗ ಹೊಳೆಯಿತು. ನನಗೆ ಗೊತ್ತಿಲ್ಲದ ಹಾಗೆ ನನ್ನ ಕೈ ‘ಅದೀನಪಾ’ ಅನ್ನುತ್ತಿತ್ತು.

“ಭೀಮರಾಯ, ನಿಮ್ಮೂರಾಗ ಹಗೇವು ಇದ್ದವೇನಪಾ?” ಎಂದು ಕೇಳಿದೆ.

“ಹಗೇವು ಅಂದ್ರ ಏನ್ರಿ?”

ಪಾಠ ಮಾಡುವ ಅವಕಾಶ ಸಿಕ್ಕರೆ ಮಲಗಿದ್ದರೂ ಬಿಡುವವಳಲ್ಲ ನಾನು. ಬೆನ್ನ ಮೇಲೆ ಮಲಗಿಕೊಂಡೇ ಅವನಿಗೆ ಹಗೇವು, ಕಂದೀಲು, ಹಗ್ಗ, ಅಪ್ಪನ ಕೂಗು ಎಲ್ಲ ಹೇಳಿದೆ. ಅವನು ಮೊದಲು ಗಡಿಯಾರ ನೋಡುತ್ತಿದ್ದವನು ಆಮೇಲೆ ನೋಡುವುದು ಬಿಟ್ಟ.

“ಅಂದ್ರ ಇಲ್ಲಿ ಉಲ್ಟಾ ಆತಲ್ರಿ! ಅಲ್ಲಿ ಸುಮ್ನಿದ್ರ ಖತರಾ, ಇಲ್ಲಿ ಸಪ್ಪಳ ಮಾಡಿದ್ರ ಖತರಾ” ಎಂದ. ಸ್ವಲ್ಪ ಹೊತ್ತು ಯಂತ್ರದ ಕಡೆ ನೋಡಿದ. “ಹಿಂಗ ಮಾಡೂಣ್ರಿ. ಇದು ಬಿಟ್ಟು ಬಿಟ್ಟು ಬಡೀತದ. ಪ್ರತಿ ಸಲ ನಿಂತಾಗ ನಾ ಮೈಕಿನ್ಯಾಗ ಕೇಳ್ತೀನಿ. ನೀವು ಕುತ್ತಿಗಿ ಅಲುಗಿಸದ ಬಾಯಿಲೆ ಹೇಳ್ರಿ. ಬಡಿಯೂ ಮುಂದ ಮಾತ್ರ ನಾನೂ ಕೇಳಂಗಿಲ್ಲ, ನೀವೂ ಹೇಳಂಗಿಲ್ಲ. ಚೆಂಡ ಇರ್ಲಿ, ಖರೇನ ತ್ರಾಸ ಆದ್ರ ಇರ್ಲಿ.”

“ನಾನೂ ಒಳಗ ಬರ್ತೀನಿ. ಕಾಲ ಹಿಡ್ಕೊಂಡು ಕೂಡ್ತೀನಿ. ಹಗ್ಗದ ಬದಲಿ ನಾನ” ಎಂದಳು ಬಾಗಿಲಲ್ಲಿ ನಿಂತಿದ್ದ ಶಮೀಮ್.

ಜೊತೆಗೊಬ್ಬರು ಕೂಡಬಹುದು, ಆದರೆ ಅವರ ಮೈಮೇಲೂ ಲೋಹ ಇರಬಾರದು ಎಂದ ಭೀಮರಾಯ. ಇಲ್ಲಿಂದ ಮುಂದೆ ಒಂದು ಜಾತ್ರೆಯೇ ನಡೆಯಿತು. ಹೊಲಿಯುವವಳ ಮೈಯಲ್ಲಿ ಏನೇನಿರುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಎದೆಯ ಮೇಲೆ ದಾರ ಪೋಣಿಸಿದ ಎರಡು ಸೂಜಿ, ತೋಳಲ್ಲಿ ಒಂದು, ದುಪಟ್ಟಾದ ತುದಿಗೆ ಪಿನ್ನಿನ ಗೊಂಚಲು, ಸೊಂಟದಲ್ಲಿ ಸಣ್ಣ ಕತ್ತರಿ. “ಆತೇನ್ರಿ?” ಎಂದು ಭೀಮರಾಯ ಕೇಳಿದಾಗಲೆಲ್ಲ “ಆತು” ಅನ್ನುತ್ತಿದ್ದಳು, ಮತ್ತೆ ಎಲ್ಲೋ ಒಂದು ಪಿನ್ನು ಹೊರಬರುತ್ತಿತ್ತು. ಕೊನೆಗೆ ಕೊರಳ ಲಚ್ಛಾ ತೆಗೆದಳು. ಅವರಲ್ಲಿ ಮದುವೆಯಾದವರು ಹಾಕುವ ಕರಿಮಣಿಯ ಸರ ಅದು. ಅದನ್ನೂ ನಮ್ಮ ಮನೆಯವರ ಕೈಗೇ ಕೊಟ್ಟು, “ಅಣ್ಣಾರ, ಜೋಪಾನ್ರಿ” ಎಂದಳು. ಎರಡು ಮನೆಯ ಕರಿಮಣಿ ಒಂದೇ ಜೇಬಿನಲ್ಲಿಟ್ಟುಕೊಂಡು ಅವರು ಹೊರಗೆ ಕೂತ ಮಂದಿಯ ಮುಂದೆ ಮುಖ ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ನಾನು ಮತ್ತೆ ಒಳಗೆ ಹೋದೆ. ಶಮೀಮ್ ಕಾಲ ಬಳಿ ಕೂತು ನನ್ನ ಬಲಪಾದವನ್ನು ಎರಡೂ ಕೈಯಿಂದ ಹಿಡಿದಳು. ಬಡಿತ ಶುರುವಾಯಿತು. ಎಡಗೈಯ ಬೆರಳುಗಳು ಚೆಂಡಿನ ಸುತ್ತ ಚಡಪಡಿಸಿದವು. ಬೇಡ, ಕೇಳುತ್ತಾನೆ, ಕೇಳಿದಾಗ ಹೇಳಿದರಾಯಿತು ಎಂದು ಕೈಗೆ ತಿಳಿಸಿ ಹೇಳಿದೆ. ಬಡಿತ ನಿಂತಿತು. ಕಿವಿಯ ಹತ್ತಿರ ಎಲ್ಲಿಂದಲೋ ದನಿ ಬಂತು.

“ಅಕ್ಕೋರ, ಅದೀರೇನ್ರಿ?”

“ಅದೀನಪಾ!”

ಎಷ್ಟು ವರ್ಷಗಳ ಮೇಲೆ ಆ ಮಾತು ಆ ಧಾಟಿಯಲ್ಲಿ ನನ್ನ ಬಾಯಿಂದ ಬಂತೋ. ಕಣ್ಣು ತುಂಬಿತು. ಒರೆಸಿಕೊಳ್ಳುವ ಹಾಗಿರಲಿಲ್ಲ, ಕಿವಿಯ ಕಡೆ ಹರಿದು ಹೋಯಿತು. ಮತ್ತೆ ಬಡಿತ, ಮತ್ತೆ ಕೂಗು, ಮತ್ತೆ ಓಗೊಟ್ಟೆ. ಸಾಗುತ್ತಿದೆ ಅನ್ನಿಸಿತು.

ಆಮೇಲೆ ಒಂದು ಉದ್ದನೆಯ ಪಾಳಿ ಬಂತು. ಬಡಿತ ನಿಲ್ಲುವ ಲಕ್ಷಣವೇ ಇಲ್ಲ. ದನಿಯಿಲ್ಲ. ಭೀಮರಾಯ ಚಹಾಕ್ಕೆ ಹೋದನೇ? ಕರೆಂಟು ಹೋಗಿ ನಾನಿಲ್ಲೇ ಉಳಿದರೆ? ಉಸಿರು ಮೇಲೆ ಮೇಲೆ ಬಂತು, ಎದೆಯ ಮೇಲೆ ಚಪ್ಪಡಿಗಲ್ಲು ಎಳೆದ ಹಾಗಾಯಿತು. ಚೀರಬೇಕೆಂದು ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ, ಯಾಕೋ ಗೊತ್ತಿಲ್ಲ, ಹಗೇವಿನಿಂದ ಮೇಲೆ ಹೋಗುತ್ತಿದ್ದ ಬುಟ್ಟಿ ಕಣ್ಣಿಗೆ ಕಟ್ಟಿತು. ನನ್ನೆರಡು ತೋಳು ಚಾಚಿದರೂ ತಬ್ಬಲಾಗದಷ್ಟು ಅಗಲದ ಬುಟ್ಟಿ. ಅದು ಆ ಬಾಯಿಯಿಂದ ಸರಾಗವಾಗಿ ಹೋಗುತ್ತಿತ್ತು. ಅಪ್ಪ ಜೋಳದ ದಂಟಿನಂಥ ಮನುಷ್ಯ. ಬುಟ್ಟಿ ಹಿಡಿಸಿದ ಬಾಯಿಯಲ್ಲಿ ಅಪ್ಪನ ಹೆಗಲು ಹಿಡಿಸುತ್ತಿರಲಿಲ್ಲವೇ?

ಅಪ್ಪ ಚಳಿಗಾಲದಲ್ಲೂ ಅಂಗಳದ ಹೊರಸಿನ ಮೇಲೆ ಮಲಗುತ್ತಿದ್ದ. ಊಟಕ್ಕೆ ಹೊಸ್ತಿಲ ಹತ್ತಿರವೇ ಕೂಡುತ್ತಿದ್ದ. ಬಾಗಿಲು ಹಾಕಿದರೆ ಬೈಯುತ್ತಿದ್ದ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆದರೆ ಕೂಡಿಸಿ ನೋಡಿರಲಿಲ್ಲ. ಅಪ್ಪನಿಗೂ ದಮ್ ಹಿಡಿಯುತ್ತಿತ್ತು! ಆಯಿ ಮಗನ ಮರ್ಯಾದೆ ಕಾಯಲು ಹೆಗಲಿನ ಕಥೆ ಕಟ್ಟಿದ್ದಳು. ತಾನು ಇಳಿಯಲಾರದ ಕತ್ತಲಿಗೆ ಮಗಳನ್ನು ಇಳಿಸಿ, ಅಪ್ಪ ಮೇಲೆ ಕೂತು ಒದ್ದಾಡುತ್ತಿದ್ದ. ಅಷ್ಟೊಂದು ಸಲ ಕೂಗುತ್ತಿದ್ದದ್ದು ನನಗೆ ಧೈರ್ಯ ಕೊಡಲಿಕ್ಕೆಂದು ತಿಳಿದಿದ್ದೆ. ಓಗೊಟ್ಟು ಧೈರ್ಯ ಕೊಡುತ್ತಿದ್ದವಳು ನಾನು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು, ಕೇಳಿ ಖಾತ್ರಿ ಮಾಡಿಕೊಳ್ಳುವ ಹಾಗಿಲ್ಲ. ಆದರೂ ಆ ಡಬ್ಬಿಯೊಳಗೆ ಮಲಗಿ ನನಗೆ ಅಪ್ಪನ ಮೇಲೆ ಎಂದಿಲ್ಲದ ಪ್ರೀತಿ ಉಕ್ಕಿ ಬಂತು.

ಆಗ ನನ್ನ ಪಾದದ ಕಡೆ ಗಮನ ಹೋಯಿತು. ಹಿಡಿದಿದ್ದ ಕೈಗಳು ಬೆವತು ಒದ್ದೆಯಾಗಿದ್ದವು, ನಡುಗುತ್ತಿದ್ದವು. ಬೆರಳು ಮುರಿಯುವ ಹಾಗೆ ಹಿಡಿತ ಬಿಗಿಯುತ್ತಿತ್ತು. ಜಗತ್ತಿನಲ್ಲಿ ಯಾವುದಕ್ಕೂ ಅಂಜದ ಶಮೀಮ್! ಬಡಿತದ ನಡುವೆಯೂ ‘ಯಾ ಅಲ್ಲಾ, ಯಾ ಅಲ್ಲಾ’ ಎಂಬುದು ಕೇಳಿದ ಹಾಗಾಯಿತು. ನನ್ನ ಉಸಿರು ತಾನಾಗಿಯೇ ಕೆಳಗಿಳಿಯಿತು. ಹೊರಗಿರುವವರು ಇಷ್ಟು ಹೆದರಿರುವಾಗ ಒಳಗಿದ್ದವಳು ಹೆದರಿ ಕೂತರೆ ಹೇಗೆ? ಎಡಗೈ ಚೆಂಡನ್ನು ಬಿಟ್ಟು ಮಂಚದ ಮೇಲೆ ಚಪ್ಪಟೆಯಾಗಿ ಮಲಗಿತು. ಅದನ್ನು ನಾನು ಮಲಗಿಸಲಿಲ್ಲ.

ಬಡಿತ ನಿಂತಿತು. “ಅಕ್ಕೋರ, ಅದೀರೇನ್ರಿ?”

“ನಾ ಅದೀನಪಾ. ಶಮೀಮ್ ಅದಾಳೇನು ಕೇಳು.”

ಮೈಕಿನಲ್ಲಿ ಭೀಮರಾಯನ ನಗು ಬಂತು, ಅದರ ಹಿಂದೆ ಯಾವಾಗಲೋ ಅವನ ಪಕ್ಕ ಬಂದು ನಿಂತಿದ್ದ ನಮ್ಮ ಮನೆಯವರ ನಗುವೂ ಕೇಳಿಸಿತು. ಶಮೀಮ್ ನನ್ನ ಪಾದಕ್ಕೆ ಒಂದು ಏಟು ಕೊಟ್ಟಳು. “ನಗಬ್ಯಾಡ್ರಿ ಅಕ್ಕೋರ, ಫೋಟೋ ಕೆಡ್ತಾವ. ಇನ್ನೊಂದ ಪಾಳಿ ಉಳದದ” ಎಂದ ಭೀಮರಾಯ. ಆ ಕೊನೆಯ ಪಾಳಿಯಲ್ಲಿ ನಾನು ಅಂಜಿಕೆಯನ್ನು ತಡೆಯಲಿಲ್ಲ, ನಗುವನ್ನು ತಡೆದೆ. ಅದು ಹೆಚ್ಚು ಕಷ್ಟದ ಕೆಲಸವಾಗಿತ್ತು.

ಹೊರಗೆ ಬಂದು ಸೀರೆ ಉಟ್ಟು, ಕರಿಮಣಿಗಳು ಅವರವರ ಕೊರಳಿಗೆ ಸೇರಿದ ಮೇಲೆ ಮೂವರೂ ಎದುರಿನ ಚಹಾ ಅಂಗಡಿಗೆ ಹೋದೆವು. ಹೋದ ಸಲ ಗೌನಿನಲ್ಲಿ ಕೂತವಳು ನಾನೇ ಎಂದು ಅಂಗಡಿಯವನಿಗೆ ನೆನಪಾಗಲಿ, ಈ ಸಲ ಏನಾಯಿತೆಂದು ಕೇಳಲಿ ಎಂದು ನಾನು ಎದೆಯುಬ್ಬಿಸಿ ಅವನ ಮುಂದೆಯೇ ನಿಂತೆ. ಅವನು ನನ್ನನ್ನು ನೋಡಿ, “ಸಕ್ಕರಿ ಜಾಸ್ತಿ ಹಾಕ್ಲೇನ್ರಿ?” ಎಂದಷ್ಟೇ ಕೇಳಿದ. ಶಮೀಮ್ ಮಾತ್ರ ಬಸ್ಸಿನಲ್ಲಿ ಅಪರಿಚಿತರಿಗೆಲ್ಲ ನನ್ನ ಸಾಹಸ ಹೇಳುತ್ತ ಬಂದಳು. ಶಹಾಪುರ ಬರುವುದರೊಳಗೆ ಯಂತ್ರದೊಳಗೆ ಅವಳೂ ಅರ್ಧ ಹೋಗಿಬಂದಿದ್ದಳು.

ಚಿತ್ರಗಳು ಒಂದೂ ಮಸುಕಾಗಿರಲಿಲ್ಲ. ಡಾಕ್ಟರು ಬೆಳಕಿಗೆ ಹಿಡಿದು ನರ ಒತ್ತಿದ ಜಾಗ ತೋರಿಸಿದರು. ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಅದರಲ್ಲಿ ನನ್ನ ಪರಾಕ್ರಮವೇನೂ ಇಲ್ಲ, ನಿದ್ದೆಯಲ್ಲಿದ್ದೆ. ಆಮೇಲೆ ತಿಂಗಳುಗಟ್ಟಲೆ ಬೆರಳು ಮಡಚುವುದು, ಬಿಚ್ಚುವುದು, ನೀರಲ್ಲಿ ಬಟ್ಟೆ ಹಿಂಡುವುದು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹಿಟ್ಟು ಚುರುಕ್ ಎಂದಿತು. ಬಿಸಿ ತಾಗಿ ಅಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು.

ರಜೆ ಮುಗಿಸಿ ಶಾಲೆಗೆ ಹೋದ ದಿನ ಮೊದಲ ಪೀರಿಯಡ್ ಆ ಒಂಬತ್ತನೇ ತರಗತಿಯದೇ. ಅಭ್ಯಾಸದಂತೆ ಆ ಹುಡುಗಿ ಎದ್ದು ಹಲಗೆಯ ಹತ್ತಿರ ಬಂದಳು. ನಾನು ಕೂತುಕೋ ಎಂದು ಸನ್ನೆ ಮಾಡಿದೆ. ತರಗತಿಗೆ ಬೆನ್ನು ತಿರುಗಿಸಿ ಪಾಠದ ಹೆಸರು ಬರೆದೆ. ಮೊದಲ ಅಕ್ಷರ ಸ್ವಲ್ಪ ನಡುಗಿತು, ಎರಡನೆಯದರ ಹೊತ್ತಿಗೆ ಕೈಗೆ ದಾರಿ ನೆನಪಾಯಿತು. ತಲೆಕಟ್ಟು, ಕೊಂಬು, ಒತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತವು. ಬೆನ್ನ ಹಿಂದೆ ಕೊನೆಯ ಬೆಂಚಿನಿಂದ ಒಬ್ಬ ಪಕ್ಕದವನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ಸತ್ತೆವಲೇ. ಅಕ್ಕೋರ ಕೈ ಚೊಲೊ ಆಗ್ಯದ. ಇನ್ನ ಪೂರಾ ಬರೀಬೇಕು.”

ನಾನು ತಿರುಗಿ ನೋಡಲಿಲ್ಲ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬರೆದೆ, ಜಾಗ ತೀರಿದಾಗ ಒರೆಸಿ ಮತ್ತೆ ಮೇಲಿನಿಂದ ಶುರುಮಾಡಿದೆ.